ತಾಟಿನಿಂದ ತೆಗೆಯುವ ಮುನ್ನ

ನಮ್ಮೂರು ಸಮೀರವಾಡಿ, ಸಕ್ಕರೆ ಕಾರ್ಖಾನೆಯ ಊರು. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ರಸ್ತೆ ತುಂಬ ಟ್ರ್ಯಾಕ್ಟರ್‌ಗಳ ಸಾಲು, ಗಾಳಿಯಲ್ಲೆಲ್ಲ ಕಾಕಂಬಿಯ ವಾಸನೆ. ಶಾಲೆಗೆ ಹೋಗುವ ಹುಡುಗರ ಕೈಯಲ್ಲಿ ಒಂದೊಂದು ಕಬ್ಬಿನ ತುಂಡು ಇದ್ದೇ ಇರುತ್ತದೆ. ಇಂಥ ಊರಿನಲ್ಲಿ ಎಂಟು ವರ್ಷದ ನನ್ನ ತಮ್ಮ ನಾಲ್ಕು ತಿಂಗಳು ಒಂದು ಗಣಿಕೆ ಕಬ್ಬನ್ನೂ ಬಾಯಿಗೆ ಹಾಕಲಿಲ್ಲ. ರೊಟ್ಟಿ, ಚಪಾತಿ, ಅನ್ನ, ಹಾಲು, ಬೆಲ್ಲ, ಆಲೂಗಡ್ಡೆ ಯಾವುದನ್ನೂ ಮುಟ್ಟಲಿಲ್ಲ. ಮುಟ್ಟಬಾರದು ಎಂದು ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದವಳು ನಾನೇ.

ಆಗ ನಾನು ಬಿಇ ಮೂರನೇ ಸೆಮಿಸ್ಟರ್. ನಮ್ಮ ಮನೆತನದಲ್ಲಿ ಎಂಜಿನಿಯರಿಂಗ್ ಮೆಟ್ಟಿಲು ಹತ್ತಿದ ಮೊದಲಿಗಳು. ಹಾಗಾಗಿ ಮೋಟಾರು ಕೆಟ್ಟರೂ ನನ್ನನ್ನೇ ಕೇಳುತ್ತಾರೆ, ಬ್ಯಾಂಕಿನ ಅರ್ಜಿ ತುಂಬುವುದಿದ್ದರೂ ನನ್ನನ್ನೇ ಕೇಳುತ್ತಾರೆ. ತಮ್ಮನ ಹೊಟ್ಟೆಯ ವಿಷಯದಲ್ಲೂ ಅದೇ ಆಯಿತು.

ಅವನಿಗೆ ಎರಡು ವರ್ಷದಿಂದ ಹೊಟ್ಟೆ ಉಬ್ಬರ. ವಾರದಲ್ಲಿ ಮೂರು ದಿನ ಭೇದಿ. ಓರಗೆಯ ಹುಡುಗರೆಲ್ಲ ಎತ್ತರವಾದರು, ಇವನು ಇದ್ದಲ್ಲೇ ಇದ್ದ. ತೋರಿಸಿದ ಕಡೆಯಲ್ಲೆಲ್ಲ ಜಂತುಹುಳದ ಗುಳಿಗೆ, ಕಬ್ಬಿಣಾಂಶದ ಟಾನಿಕ್ ಕೊಟ್ಟರು. ರಕ್ತ ಮಾತ್ರ ಏರಲಿಲ್ಲ. 'ಹೊರಗಿಂದು ತಿನ್ನಿಸಬ್ಯಾಡ್ರಿ' ಎಂದು ಅವ್ವನಿಗೇ ಬುದ್ಧಿ ಹೇಳಿ ಕಳಿಸುತ್ತಿದ್ದರು. ಹೊರಗಿನದನ್ನು ಅವ್ವ ಎಂದೂ ತಿನ್ನಿಸಿರಲಿಲ್ಲ.

ಆಗಲೇ ಪುಣೆಯಲ್ಲಿರುವ ಸಂಬಂಧಿಕರೊಬ್ಬರು 'ಕರುಳು ಗುಣಪಡಿಸುವ ಪಥ್ಯ'ದ ಬಗ್ಗೆ ಹೇಳಿದರು. ನಾನು ಮೊಬೈಲ್ ಹಿಡಿದು ಕೂತೆ. ಇಂಗ್ಲೆಂಡಿನ ವೈದ್ಯೆ ನಟಾಶಾ ಕ್ಯಾಂಪ್‌ಬೆಲ್-ಮೆಕ್‌ಬ್ರೈಡ್ 2004ರಲ್ಲಿ ಪುಸ್ತಕ ಬರೆದು ಹರಡಿದ 'ಗ್ಯಾಪ್ಸ್' ಪಥ್ಯ ಅದು. ಎಲ್ಲ ಧಾನ್ಯ, ಸಕ್ಕರೆ, ಗೆಣಸು-ಆಲೂಗಡ್ಡೆಯಂಥ ಪಿಷ್ಟದ ತರಕಾರಿ ಬಂದ್. ಹಾಲಿಗೂ ಶುರುವಿನಲ್ಲಿ ಜಾಗವಿಲ್ಲ. ಮೂಳೆ-ಮಾಂಸ ಕುದಿಸಿದ ಸಾರು, ಬೇಯಿಸಿದ ತರಕಾರಿಯಿಂದ ಆರಂಭಿಸಿ ಹಂತಹಂತವಾಗಿ ಉಳಿದದ್ದನ್ನು ಸೇರಿಸುತ್ತ ಹೋಗಬೇಕು. ನಮ್ಮದು ಸಸ್ಯಾಹಾರಿ ಮನೆ. ಮೂಳೆ ಸಾರಿನ ಬದಲು ತರಕಾರಿ ಬೇಯಿಸಿದ ನೀರು ಕೊಟ್ಟೆವು. ಆ ಪಥ್ಯದಲ್ಲಿ ಮಗುವಿಗೆ ಏನಾದರೂ ಪೋಷಣೆ ಸಿಗುವುದಿದ್ದರೆ ಅದು ಆ ಸಾರಿನಿಂದಲೇ. ಅದನ್ನೂ ನಾವು ಬಿಟ್ಟಿದ್ದೆವು ಎಂಬುದು ನನಗೆ ಹೊಳೆಯಲಿಲ್ಲ.

ಮೊದಲ ಮೂರು ವಾರ ಪವಾಡವೇ ನಡೆದಂತಾಯಿತು. ಭೇದಿ ನಿಂತಿತು, ಹೊಟ್ಟೆ ಇಳಿಯಿತು. ಅವ್ವ ನನ್ನ ಗಲ್ಲ ಸವರಿ, 'ನೀ ಓದಿದ್ದು ಸಾರ್ಥಕ ಆತು' ಎಂದಳು. ಎರಡನೇ ತಿಂಗಳಿಗೆ ತಮ್ಮನ ತೂಕ 19 ಕಿಲೋದಿಂದ 17ಕ್ಕೆ ಇಳಿಯಿತು. ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಅವನು ಮೈದಾನದ ಬೇವಿನ ಮರದ ಕೆಳಗೆ ಒಬ್ಬನೇ ಕೂರತೊಡಗಿದ. ನಾಲ್ಕನೇ ತಿಂಗಳಿಗೆ ಪ್ರಾರ್ಥನೆಯ ವೇಳೆ ತಲೆ ಸುತ್ತಿ ಬಿದ್ದ. ಆಗ ಬೆಳಗಾವಿಯ ಮಕ್ಕಳ ತಜ್ಞರೊಬ್ಬರ ಬಳಿ ಓಡಿದೆವು.

ಅವರು ಎಲ್ಲವನ್ನೂ ಕೇಳಿಸಿಕೊಂಡು, 'ಇದು ಸೀಲಿಯಾಕ್ ಇರಬಹುದು' ಎಂದರು. ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಹೊಕ್ಕರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಕರುಳಿನ ಒಳಪದರ ಸವೆದರೆ ಕಬ್ಬಿಣಾಂಶವೂ ಹತ್ತುವುದಿಲ್ಲ, ಮಗು ಬೆಳೆಯುವುದೂ ಇಲ್ಲ. ಟಿಟಿಜಿ ಎಂಬ ರಕ್ತ ಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದರೆ ಪತ್ತೆಯಾಗುತ್ತದೆ. ಆದರೆ ಗೋಧಿ ತಿನ್ನುತ್ತಿರುವಾಗಲೇ ಈ ಪರೀಕ್ಷೆ ಮಾಡಬೇಕು. ಬಿಟ್ಟು ತಿಂಗಳುಗಳಾಗಿದ್ದರೆ ಕಾಯಿಲೆ ಇದ್ದರೂ ಫಲಿತಾಂಶದಲ್ಲಿ ಕಾಣದೆ ಹೋಗಬಹುದು. 'ಆರು ವಾರ ದಿನಾ ಎರಡು ಚಪಾತಿ ತಿನ್ನಿಸಿ ಕರ್ಕೊಂಡ್ ಬರ್ರಿ' ಎಂದು ಕಳಿಸಿದರು.

ಆ ಆರು ವಾರಗಳನ್ನು ನಾನು ಮರೆಯಲಾರೆ. ಮೊದಲ ದಿನ ಚಪಾತಿಯ ತಾಟು ಮುಂದಿಟ್ಟಾಗ ತಮ್ಮ ನನ್ನ ಮುಖ ನೋಡಿ, 'ಅಕ್ಕಾ, ಇದು ವಿಷ ಅಂದಿದ್ದೆಲ್ಲ? ಈಗ ಯಾಕ ತಿನ್ನು ಅಂತಿ?' ಎಂದ. ನನ್ನ ಬಳಿ ಉತ್ತರವಿರಲಿಲ್ಲ. ವಾರದಲ್ಲೇ ಹೊಟ್ಟೆನೋವು, ಭೇದಿ ಮರಳಿದವು. ಅಳುತ್ತಲೇ ತಿಂದ. ಕೊನೆಗೆ ರಕ್ತ ಪರೀಕ್ಷೆ, ಎಂಡೋಸ್ಕೋಪಿ ಎರಡರಲ್ಲೂ ಸೀಲಿಯಾಕ್ ಖಚಿತವಾಯಿತು.

ಅಂದರೆ ನಾವು ಹತ್ತು ಪದಾರ್ಥ ಬಿಡಿಸಿದ್ದೆವು, ತಪ್ಪಿತಸ್ಥ ಇದ್ದದ್ದು ಒಂದೇ. ಗೋಧಿ ಹೋದದ್ದಕ್ಕೆ ಗುಣ ಕಂಡಿತು, ಉಳಿದದ್ದೆಲ್ಲ ಹೋದದ್ದಕ್ಕೆ ಮಗು ಸೊರಗಿತು. ಪ್ರಯೋಗಾಲಯದಲ್ಲಿ ಒಂದು ಸಲಕ್ಕೆ ಒಂದೇ ಅಂಶ ಬದಲಿಸಬೇಕು ಎಂಬುದನ್ನು ಮೊದಲ ಸೆಮಿಸ್ಟರಿನಲ್ಲೇ ಕಲಿತಿದ್ದೆ. ಮನೆಯ ಮಗುವಿನ ಮೇಲೆ ಪ್ರಯೋಗ ಮಾಡುವಾಗ ಅದು ನೆನಪಾಗಲಿಲ್ಲ.

ಆಮೇಲೆ ಓದುತ್ತ ಹೋದಾಗ ಈ ತಪ್ಪಿಗೆ ನೂರು ವರ್ಷದ ಇತಿಹಾಸವಿದೆ ಎಂದು ತಿಳಿಯಿತು. 1924ರಲ್ಲಿ ನ್ಯೂಯಾರ್ಕಿನ ವೈದ್ಯ ಸಿಡ್ನಿ ಹಾಸ್ ಸೀಲಿಯಾಕ್ ಮಕ್ಕಳಿಗೆ ಪಿಷ್ಟ ಬಿಡಿಸಿ ಬಾಳೆಹಣ್ಣು ಕೊಟ್ಟರು. ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಹೋದದ್ದರಿಂದ ಗುಣವಾಯಿತು ಎಂದು ಅವರಿಗೆ ತಿಳಿಯಲಿಲ್ಲ, ಪಿಷ್ಟವೇ ಶತ್ರು ಎಂದುಕೊಂಡರು. ನಿಜ ಕಂಡುಕೊಂಡವರು ನೆದರ್‌ಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಆ ದೇಶದಲ್ಲಿ ಬರ ಬಿದ್ದು ಬ್ರೆಡ್ಡು ಸಿಗದಂತಾದಾಗ ಈ ಮಕ್ಕಳು ಸುಧಾರಿಸಿದರು, ಬ್ರೆಡ್ಡು ಮರಳಿದಾಗ ಮತ್ತೆ ಕಾಯಿಲೆ ಬಿದ್ದರು. ಗೋಧಿಯ ಮೇಲೆ ಮೊದಲೇ ಅನುಮಾನವಿದ್ದ ಡಿಕೆ ಅದನ್ನೇ ಬೆನ್ನುಹತ್ತಿ 1950ರಲ್ಲಿ ಮಹಾಪ್ರಬಂಧ ಬರೆದರು. ಆದರೂ ಹಾಸ್ ಅವರ ಪಥ್ಯ ಸಾಯಲಿಲ್ಲ. ಅವರಿಂದ ಮಗಳಿಗೆ ಚಿಕಿತ್ಸೆ ಕೊಡಿಸಿದ್ದ ಇಲೇನ್ ಗಾಟ್ಶಾಲ್ ಪುಸ್ತಕ ಬರೆದು ಅದನ್ನು ಮತ್ತೆ ಹರಡಿದರು. ಗ್ಯಾಪ್ಸ್ ಹುಟ್ಟಿದ್ದು ಅದೇ ಬೇರಿನಿಂದ. ಉತ್ತರ ಸಿಕ್ಕು ಅರ್ಧ ಶತಮಾನದ ಮೇಲಾದರೂ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಹಳೆಯ ತಪ್ಪೇ ಅಂಟಿಕೊಂಡಿತ್ತು.

'ನಮ್ಮ ಮಗುವಿಗೆ ಪಥ್ಯದಿಂದಲೇ ಗುಣವಾಯಿತಲ್ಲ' ಎನ್ನುವವರಿದ್ದಾರೆ. ಆಗಿರಬಹುದು, ನಮಗೂ ಮೂರು ವಾರ ಆಗಿತ್ತು. ಯಾವುದರಿಂದ ಗುಣವಾಯಿತು ಎಂಬುದು ಗೊತ್ತಾಗದಿದ್ದರೆ ಯಾವುದನ್ನು ಮರಳಿ ಕೊಡಬೇಕು ಎಂಬುದೂ ಗೊತ್ತಾಗುವುದಿಲ್ಲ. ಜೋರು ಭೇದಿಯಾದ ಮಗುವಿಗೆ ಕೆಲ ವಾರ ಹಾಲು ಒಗ್ಗದೇ ಇರಬಹುದು, ಅದು ತಾನಾಗಿ ಸರಿಹೋಗುತ್ತದೆ. ಅದಕ್ಕಾಗಿ ವರ್ಷಗಟ್ಟಲೆ ಹಾಲು ನಿಲ್ಲಿಸುವುದು ಅನ್ಯಾಯ. ರಕ್ತದ ಹನಿ ಕಳಿಸಿದರೆ ಒಗ್ಗದ ನೂರು ಆಹಾರದ ಪಟ್ಟಿ ಕೊಡುತ್ತೇವೆ ಎನ್ನುವ 'ಐಜಿಜಿ' ಪರೀಕ್ಷೆಗಳೂ ಬಂದಿವೆ. ಆ ಪ್ರತಿಕಾಯ ನಾವು ಆ ಆಹಾರ ತಿಂದಿದ್ದೇವೆ ಎಂಬುದನ್ನಷ್ಟೇ ಹೇಳುತ್ತದೆ. ಅಲರ್ಜಿ ತಜ್ಞರ ಸಂಘಗಳು ಅದನ್ನು ಒಪ್ಪುವುದಿಲ್ಲ.

ಹಾಗಂತ ತಾಯಂದಿರನ್ನು ಮೂಢರೆನ್ನಲು ನಾನು ಸಿದ್ಧಳಿಲ್ಲ. ಎರಡು ವರ್ಷ ಯಾರೂ ಅವ್ವನ ಮಾತು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಂತೆ ಮಾಡಿದ್ದು ಮೊಬೈಲ್ ಒಂದೇ. ಬಾಗಿಲು ಮುಚ್ಚಿದ್ದರಿಂದಲೇ ಜನ ಕಿಟಕಿ ಹತ್ತುತ್ತಾರೆ. ಮಗು ಬೆಳೆಯುತ್ತಿಲ್ಲ, ಟಾನಿಕ್ ಕೊಟ್ಟರೂ ರಕ್ತ ಏರುತ್ತಿಲ್ಲ ಎಂದಾಗ ಮೂರನೇ ಸಲ ಜಂತುಹುಳದ ಗುಳಿಗೆ ಬರೆಯುವ ಬದಲು ಆ ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳುವ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲೇ ಬರಬೇಕು. ಸೀಲಿಯಾಕ್ ಉತ್ತರ ಭಾರತದಲ್ಲಿ ಹೆಚ್ಚು, ನಮ್ಮಲ್ಲಿ ಕಡಿಮೆ ಎಂಬುದು ನಿಜ. ಆದರೆ ಕಡಿಮೆ ಎಂದರೆ ಇಲ್ಲ ಎಂದಲ್ಲ.

ನಮ್ಮ ಭಾಗ್ಯವೆಂದರೆ ಈ ಕಾಯಿಲೆಯ ಮದ್ದು ನಮ್ಮ ಹಗೇವಿನಲ್ಲೇ ಇದೆ. ಜೋಳ, ಸಜ್ಜೆ, ನವಣೆ, ಅಕ್ಕಿ, ರಾಗಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ನಾನು ನಾಲ್ಕು ತಿಂಗಳು ಕಸಿದುಕೊಂಡ ಜೋಳದ ರೊಟ್ಟಿಯನ್ನೇ ಡಾಕ್ಟರು ಅವನಿಗೆ ಬರೆದುಕೊಟ್ಟರು. ಈಗಲೂ ಪಥ್ಯವಿದೆ, ಅದು ಜೀವನಪರ್ಯಂತದ್ದು. ಆದರೆ ತೆಗೆದದ್ದು ಒಂದೇ, ತೆಗೆದದ್ದನ್ನು ಕಟ್ಟುನಿಟ್ಟಾಗಿ ತೆಗೆದಿದ್ದೇವೆ. ಚಪಾತಿ, ಶಾವಿಗೆ, ಸಜ್ಜಕ, ರವೆ ಉಪ್ಪಿಟ್ಟು, ಬಿಸ್ಕೀಟು ಇಲ್ಲ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ ಎಂದು ಲೇಬಲ್ ಓದಿದ ಮೇಲೆಯೇ ತಿಳಿದದ್ದು. ಇನ್ನೊಂದು ತೊಡಕು ಗಿರಣಿಯದು. ನಮಗಿಂತ ಮೊದಲು ಯಾರಾದರೂ ಗೋಧಿ ಬೀಸಿಕೊಂಡು ಹೋಗಿದ್ದರೆ ನಮ್ಮ ಜೋಳದ ಹಿಟ್ಟಿನಲ್ಲಿ ಅದು ಸೇರಿಯೇ ಸೇರುತ್ತದೆ. 'ಗ್ಲುಟೆನ್ ರಹಿತ' ಎಂದು ಮಾರಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬ ನಿಯಮವಿದೆ ಎಂದರೆ ಆ ಚೂರು ಹಿಟ್ಟೂ ಎಷ್ಟು ದೊಡ್ಡದು ಯೋಚಿಸಿ. ಮೊದಲು ಅಜ್ಜಿಯ ಬೀಸುಕಲ್ಲು ಹೊರತೆಗೆದೆವು. ಆಮೇಲೆ ಅವ್ವ ಮಹಿಳಾ ಸಂಘದಲ್ಲಿ ಸಾಲ ತೆಗೆದು ಮನೆಗೇ ಸಣ್ಣ ಗಿರಣಿ ತಂದಳು. ಅದರಲ್ಲಿ ಹಿಟ್ಟು ಬೀಸುವುದು ಈಗ ಅಪ್ಪನ ಕೆಲಸ. ಪಥ್ಯದ ಭಾರವನ್ನೆಲ್ಲ ಅವ್ವನೊಬ್ಬಳ ಮೇಲೆ ಹೊರಿಸಿದ್ದೂ ನಮ್ಮ ಹಳೆಯ ತಪ್ಪುಗಳಲ್ಲೊಂದು.

ನನ್ನಂತೆ ಮನೆಗೆ ಮೊದಲ ಎಂಜಿನಿಯರ್ ಆಗಲು ಹೊರಟ ಗೆಳೆಯ ಗೆಳತಿಯರಲ್ಲಿ ಒಂದು ಮಾತು. ಮನೆಯವರು ನಮ್ಮ ಮೊಬೈಲನ್ನು ನಂಬುವುದಿಲ್ಲ, ನಮ್ಮನ್ನು ನಂಬುತ್ತಾರೆ. ನಾವು ಓದಿ ಹೇಳಿದ್ದು ಅವರಿಗೆ ವೇದವಾಕ್ಯ. ಹಾಗಾಗಿ ಮಗುವಿನ ತಾಟಿನಿಂದ ಏನನ್ನಾದರೂ ತೆಗೆಯಲು ಹೇಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಪರೀಕ್ಷೆ ಆಗಿದೆಯೇ? ಅದರ ಬದಲು ಏನು ಕೊಡುತ್ತೇವೆ? ಎಂದು ಮರಳಿ ಕೊಟ್ಟು ನೋಡುತ್ತೇವೆ? ಮೂರಕ್ಕೂ ಉತ್ತರವಿಲ್ಲದಿದ್ದರೆ 'ನನಗ ಗೊತ್ತಿಲ್ಲ, ಡಾಕ್ಟರನ್ನ ಕೇಳೂಣು' ಎನ್ನುವುದರಲ್ಲಿ ಅವಮಾನವೇನಿಲ್ಲ.

ಈ ಸಲದ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಅವ್ವ ಹೋಳಿಗೆಯ ಬದಲು ಶೇಂಗಾ ಉಂಡಿ ಕಟ್ಟಿದ್ದಳು. ತಮ್ಮ ಎರಡು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ ತಿಂದು ಮೂರನೆಯ ರೊಟ್ಟಿಗೆ ಕೈಚಾಚಿದ. ಈಗ ಅವನು 23 ಕಿಲೋ. ಊಟ ಮುಗಿಸಿ ಕಬ್ಬಿನ ಪಡಕ್ಕೆ ಓಡಿದವನು ಒಂದು ಜಲ್ಲೆ ಮುರಿದು ತಂದು, ತಿನ್ನಲೇ ಎಂದು ಕೇಳುವಂತೆ ನನ್ನ ಮುಖ ನೋಡಿದ. ಈಗಲೂ ಕೇಳಿಯೇ ತಿನ್ನುತ್ತಾನೆ. ಆ ಅಂಜಿಕೆ ಅವನ ಮನಸ್ಸಿನಿಂದ ಹೋಗಲು ಇನ್ನೂ ಕೆಲವು ದಿನ ಬೇಕು. 'ತಿನ್ನೋ' ಎಂದೆ.