ಸೈರನ್ ಕೂಗುವ ಮುನ್ನ

ನಾಸಿಕ್ ನಗರದ ಅಂಚಿನ ತ್ರಿರಶ್ಮಿ ಬೆಟ್ಟದಲ್ಲಿ, ಜನ ಪಾಂಡವಲೇಣಿ ಎಂದು ಕರೆಯುವ ಗುಹೆಗಳ ಸಾಲಿನ ಮೂರನೆಯ ಗುಹೆಯಲ್ಲಿ, ಒಂದು ಪ್ರಾಕೃತ ಶಾಸನವಿದೆ. ಶಾತವಾಹನರ ರಾಜಮಾತೆ ಗೌತಮಿ ಬಲಶ್ರೀ, ತೀರಿಹೋದ ಮಗ ಗೌತಮೀಪುತ್ರ ಶಾತಕರ್ಣಿಯನ್ನು ನೆನೆದು, ಮೊಮ್ಮಗ ಪುಳುಮಾವಿಯ ಆಳ್ವಿಕೆಯ 19ನೆಯ ವರ್ಷದಲ್ಲಿ ಬರೆಸಿದ್ದು. ಶಕ, ಯವನ, ಪಹ್ಲವರನ್ನು ಮಗ ಸೋಲಿಸಿದ ಹೆಮ್ಮೆ ಅದರಲ್ಲಿದೆ. ಜೊತೆಗೆ, ಅಪರಾಧವೆಸಗಿದ ಶತ್ರುವನ್ನೂ ಹಿಂಸಿಸಲು ಅವನಿಗೆ ಮನಸ್ಸಾಗುತ್ತಿರಲಿಲ್ಲ ಎಂಬ ಮೆಚ್ಚುಗೆಯೂ ಇದೆ. ಆ ಗುಹೆಯನ್ನು ಆ ತಾಯಿ ಬೌದ್ಧ ಭಿಕ್ಷುಗಳಿಗೆ ದಾನವಾಗಿ ಕೊಟ್ಟಳು. ಗೆಲುವಿನ ಪ್ರಶಸ್ತಿಯಿರುವ ಗೋಡೆಯ ನೆರಳಿನಲ್ಲೇ ಅಹಿಂಸೆಯ ಪಾಠ ನಡೆಯಿತು.

ಬೆಟ್ಟ ಇಳಿದು ಬಂದರೆ ಇಂದಿನ ನಾಸಿಕ್. ಒಂದು ಕಡೆ ದೇವಳಾಲಿಯ ದಂಡುಪ್ರದೇಶ, ಅಲ್ಲಿ ಸೇನೆಯ ಫಿರಂಗಿ ತರಬೇತಿ ಶಾಲೆ. ಇನ್ನೊಂದು ಕಡೆ ಓಝರ್, ಅಲ್ಲಿ ಎಚ್‌ಎಎಲ್‌ನ ವಿಮಾನ ಕಾರ್ಖಾನೆ. ಅಲ್ಲಿ ತಯಾರಾಗುತ್ತಿದ್ದ ಮಿಗ್-21 ವಿಮಾನಗಳಿಗೆ ವಾಯುಪಡೆ 2025ರ ಸೆಪ್ಟೆಂಬರ್ 26ರಂದು ವಿದಾಯ ಹೇಳಿತು. ತಿಂಗಳೊಳಗೆ, ಅಕ್ಟೋಬರ್ 17ರಂದು, ತೇಜಸ್ ಯುದ್ಧವಿಮಾನದ ಮೂರನೆಯ ಉತ್ಪಾದನಾ ಸಾಲು ಅಲ್ಲೇ ಆರಂಭವಾಯಿತು. ಮೊದಲೆರಡು ಸಾಲುಗಳು ನಮ್ಮ ಬೆಂಗಳೂರಿನವು. ಆದ್ದರಿಂದ ಇದು ನೆರೆರಾಜ್ಯದ ಸಂಗತಿ ಎಂದು ಕನ್ನಡಿಗರಾದ ನಾವು ಕೈತೊಳೆದುಕೊಳ್ಳುವಂತಿಲ್ಲ. ಕವಿರಾಜಮಾರ್ಗವು ಕನ್ನಡ ನಾಡಿನ ಮೇರೆಯಾಗಿ ಹೇಳಿದ ಗೋದಾವರಿ ಹುಟ್ಟುವುದೂ ಇದೇ ಜಿಲ್ಲೆಯ ತ್ರ್ಯಂಬಕದಲ್ಲಿ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೇಶಕ್ಕೆ ಸೈನ್ಯ ಬೇಡವೆನ್ನುವವರು ನಾವಲ್ಲ. ಗಡಿಯ ಚಳಿಯಲ್ಲಿ ನಿಂತವರ ಶ್ರಮದ ಮೇಲೆ ನಮ್ಮ ನಿದ್ದೆ ನಿಂತಿದೆ ಎಂಬ ಅರಿವು ನಮಗಿದೆ. ನಮ್ಮ ಪ್ರಶ್ನೆ ಬೇರೆ. ಯುದ್ಧಕ್ಕೆ ಸಿದ್ಧರಾಗುವುದನ್ನು ನಾವು ಇಷ್ಟು ಶ್ರದ್ಧೆಯಿಂದ ಕಲಿಸುತ್ತಿರುವಾಗ, ಶಾಂತಿಗೆ ಸಿದ್ಧರಾಗುವುದನ್ನು ಯಾರು ಕಲಿಸುತ್ತಿದ್ದಾರೆ?

2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಗೆ ಆಯ್ಕೆಯಾದ ಸ್ಥಳಗಳಲ್ಲಿ ನಾಸಿಕ್ ಇತ್ತು, ಔರಂಗಾಬಾದ್ ಎಂಬ ಹಳೆಯ ಹೆಸರಿನಲ್ಲಿ ಛತ್ರಪತಿ ಸಂಭಾಜಿನಗರವೂ ಇತ್ತು. ಸೈರನ್ ಕೂಗಿದಾಗ ಏನು ಮಾಡಬೇಕು, ದೀಪವನ್ನು ಯಾವಾಗ ಆರಿಸಬೇಕು ಎಂಬುದು ಅಭ್ಯಾಸದ ವಿಷಯವಾಯಿತು. ಅಗತ್ಯವೇ ಸರಿ. ಮರುತಿಂಗಳು, ನಾಸಿಕ್ ಜಿಲ್ಲೆಯ ಮಾಲೆಗಾಂವ್‌ನವರೇ ಆದ ರಾಜ್ಯದ ಶಾಲಾ ಶಿಕ್ಷಣ ಸಚಿವ ದಾದಾ ಭುಸೆ ಅವರು, ಒಂದನೆಯ ತರಗತಿಯಿಂದಲೇ ಮಕ್ಕಳಿಗೆ ಪ್ರಾಥಮಿಕ ಸೈನಿಕ ತರಬೇತಿ ಕೊಡುವ ಯೋಜನೆಯನ್ನು ಪ್ರಕಟಿಸಿದರು. ದೇಶಪ್ರೇಮ, ಶಿಸ್ತು, ವ್ಯಾಯಾಮ ಅದರ ಉದ್ದೇಶ. ನಿವೃತ್ತ ಯೋಧರ ನೆರವು ಅದರ ಸಾಧನ.

ಶಿಸ್ತನ್ನಾಗಲಿ ವ್ಯಾಯಾಮವನ್ನಾಗಲಿ ಬೇಡವೆನ್ನುವ ತಾಯಿತಂದೆ ಇರಲಾರರು. ಆದರೆ ಆರು ವರ್ಷದ ಮಗುವಿಗೆ ಶಿಸ್ತು ಎಂದರೆ ಸರದಿಯಲ್ಲಿ ಕಾಯುವುದು, ಬುತ್ತಿಯನ್ನು ಹಂಚಿಕೊಳ್ಳುವುದು, ಜಗಳವಾಡಿದ ಗೆಳೆಯನನ್ನು ಮರುದಿನ ಮಾತನಾಡಿಸುವುದು. ಅದಕ್ಕೆ ಕವಾಯತಿನ ಹೆಸರು ಬೇಕಿಲ್ಲ. ಸೈನಿಕ ತರಬೇತಿಯ ಕೇಂದ್ರದಲ್ಲಿ ಶತ್ರು ಎಂಬ ಕಲ್ಪನೆ ಇದ್ದೇ ಇರುತ್ತದೆ. ಪ್ರೌಢ ಸೈನಿಕನಿಗೆ ಆ ಶತ್ರು ಯಾರು, ಎಲ್ಲಿಯವರೆಗೆ ಶತ್ರು ಎಂಬ ವಿವೇಕವಿರುತ್ತದೆ. ಮಗುವಿಗೆ ಆ ವಿವೇಕ ಇನ್ನೂ ಮೂಡಿರುವುದಿಲ್ಲ. ಅದು ಶತ್ರುವನ್ನು ತನ್ನ ಓಣಿಯಲ್ಲೇ, ತನ್ನ ಬೆಂಚಿನಲ್ಲೇ ಹುಡುಕತೊಡಗುತ್ತದೆ. ನಮ್ಮ ಅಂಜಿಕೆ ಇರುವುದು ಅಲ್ಲಿ.

ದೊಡ್ಡ ಮಕ್ಕಳ ಆಯ್ಕೆಯ ಮಾತು ಬೇರೆ. ಸೈನ್ಯದ ಅಧಿಕಾರಿಗಳಾಗಬಯಸುವ ಹುಡುಗರಿಗೆಂದು ಮಹಾರಾಷ್ಟ್ರ ಸರ್ಕಾರ 1977ರಿಂದ ಸಂಭಾಜಿನಗರದಲ್ಲಿ ಸೇವಾ ಪೂರ್ವಸಿದ್ಧತಾ ಸಂಸ್ಥೆಯೊಂದನ್ನು ನಡೆಸುತ್ತಿದೆ. ಹುಡುಗಿಯರಿಗಾಗಿ ಅಂಥದೇ ಸಂಸ್ಥೆ 2023ರಲ್ಲಿ ನಾಸಿಕ್‌ನಲ್ಲಿ ಆರಂಭವಾಯಿತು. ಇವು ಗೌರವಾರ್ಹ ಸಂಸ್ಥೆಗಳು. ಆದರೆ ಈ ಎರಡೂ ನಗರಗಳಲ್ಲಿ ಶಾಂತಿಗೆಂದು ಒಂದು ಪೂರ್ವಸಿದ್ಧತಾ ಸಂಸ್ಥೆ ನಮಗೆ ಕಾಣಸಿಗಲಿಲ್ಲ.

ಅದರ ಅಗತ್ಯವೇನೆಂದು ಕೇಳುವವರು 2023ರ ಮಾರ್ಚ್ ಕೊನೆಯ ಆ ರಾತ್ರಿಯನ್ನು ನೆನೆಯಬಹುದು. ರಾಮನವಮಿಯ ಮುನ್ನಾದಿನ ಸಂಭಾಜಿನಗರದ ಕಿರಾಡ್‌ಪುರದಲ್ಲಿ ರಾಮಮಂದಿರದ ಬಳಿ ಗಲಭೆಯೆದ್ದು ಪೊಲೀಸರ ವಾಹನಗಳು ಉರಿದವು. ಗಾಯಗೊಂಡವರಲ್ಲಿ ಒಬ್ಬರು ತೀರಿಕೊಂಡರು. ಆಗ ಸಂಸದರಾಗಿದ್ದ ಇಮ್ತಿಯಾಜ್ ಜಲೀಲ್ ಮಂದಿರದೊಳಗೆ ಹೋಗಿ, ಮಂದಿರ ಸುರಕ್ಷಿತವಾಗಿದೆ, ವದಂತಿಗಳನ್ನು ನಂಬಬೇಡಿ ಎಂದು ವಿಡಿಯೊ ಮೂಲಕ ಜನರಿಗೆ ತಿಳಿಸಿದರು. ಅವರ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ವಿಚಾರ. ನಮಗೆ ಮುಖ್ಯವಾದದ್ದು ಆ ಕೃತ್ಯ. ವದಂತಿ ಮನೆಮನೆಗೆ ಹರಿಯುವ ಹೊತ್ತಿನಲ್ಲಿ ಸತ್ಯವನ್ನು ಅದಕ್ಕಿಂತ ಬೇಗ ತಲುಪಿಸುವುದು ಶಾಂತಿಯ ಕೆಲಸ. ಅದಕ್ಕೂ ಧೈರ್ಯ ಬೇಕು, ಅಭ್ಯಾಸ ಬೇಕು.

ಇದನ್ನು ಮೊದಲೇ ಕಂಡವರು ಮಹಾರಾಷ್ಟ್ರದವರೇ ಆದ ವಿನೋಬಾ ಭಾವೆ. ಗಾಂಧೀಜಿಯ ಕನಸಾಗಿದ್ದ ಶಾಂತಿಸೇನೆಯನ್ನು ಅವರು 1957ರಲ್ಲಿ, ಕೇರಳದ ಪಾದಯಾತ್ರೆಯ ಸಂದರ್ಭದಲ್ಲಿ ಕಟ್ಟಿದರು. ಸೇನೆ ಎಂಬ ಪದವನ್ನು ಉಳಿಸಿಕೊಂಡದ್ದು ಸುಮ್ಮನೆ ಅಲ್ಲ. ಸೈನಿಕನ ಶಿಸ್ತು, ಪ್ರಾಣದ ಹಂಗು ತೊರೆದ ನಿಷ್ಠೆ ಶಾಂತಿಗೂ ಬೇಕೆಂದು ಅವರು ಬಲ್ಲವರಾಗಿದ್ದರು.

ಶಾಂತಿಯ ಮಾತಾಡುವವರು ಸೈನ್ಯದ್ವೇಷಿಗಳೆಂಬ ಆಪಾದನೆಗೆ ಉತ್ತರವಾಗಿ ಅಡ್ಮಿರಲ್ ಎಲ್. ರಾಮದಾಸ್ ಅವರ ಬದುಕೇ ಇದೆ. 1990ರಿಂದ 1993ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದವರು, ನಿವೃತ್ತಿಯ ನಂತರ ಮಹಾರಾಷ್ಟ್ರದ ಅಲಿಬಾಗ್ ಬಳಿ ನೆಲೆಸಿ, ಭಾರತ–ಪಾಕಿಸ್ತಾನ ಜನರ ನಡುವಿನ ಸ್ನೇಹಕ್ಕೂ ಅಣ್ವಸ್ತ್ರ ವಿರೋಧಕ್ಕೂ ದುಡಿದರು. 2004ರಲ್ಲಿ ಪಾಕಿಸ್ತಾನದ ಐ. ಎ. ರೆಹಮಾನ್ ಅವರೊಡನೆ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಹಂಚಿಕೊಂಡರು. 2024ರಲ್ಲಿ ತೀರಿಕೊಂಡ ಅವರಿಗೆ ಯುದ್ಧದ ಅರಿವು ನಮಗಿಂತ ಕಡಿಮೆಯಿತ್ತೆಂದು ಯಾರು ಹೇಳಬಲ್ಲರು?

ನಿವೃತ್ತ ಯೋಧರು ಶಾಲೆಗೆ ಬರಲಿ, ಖಂಡಿತ ಬರಲಿ. ಮಕ್ಕಳಿಗೆ ಎಡಬಲ ಹೆಜ್ಜೆ ಹಾಕಿಸುವ ಬದಲು, ಗೆಳೆಯನನ್ನು ಕಳೆದುಕೊಂಡ ದಿನ ಹೇಗಿತ್ತೆಂದು ಹೇಳಲಿ. ವಾರಕ್ಕೊಂದು ಗಂಟೆಯನ್ನು ವದಂತಿಯನ್ನು ಪರೀಕ್ಷಿಸುವುದಕ್ಕೆ, ಜಗಳವನ್ನು ಮಾತಿನಲ್ಲಿ ಮುಗಿಸುವುದಕ್ಕೆ, ನೆರೆಯವರ ಹಬ್ಬವನ್ನು ಅರಿಯುವುದಕ್ಕೆ ಶಾಲೆ ಮೀಸಲಿಡಲಿ. ಇದಕ್ಕೆ ತಗಲುವ ಖರ್ಚು ಒಂದು ವಿಮಾನದ ರೆಕ್ಕೆಗೂ ಸಮವಾಗದು. 2024ರಲ್ಲಿ ಜಗತ್ತು ಸೇನೆಗಳಿಗಾಗಿ 2.7 ಲಕ್ಷ ಕೋಟಿ ಡಾಲರ್‌ಗೂ ಹೆಚ್ಚು ವ್ಯಯಿಸಿತೆಂದು ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಲೆಕ್ಕಹಾಕಿದೆ. ಆ ಪ್ರವಾಹವನ್ನು ತಡೆಯುವ ಶಕ್ತಿ ನಮಗಿಲ್ಲದಿರಬಹುದು. ನಮ್ಮ ಮಕ್ಕಳ ಒಂದನೆಯ ತರಗತಿಯ ಬಾಗಿಲನ್ನು ಕಾಯುವ ಶಕ್ತಿ ಇದೆ.

ಬಲಶ್ರೀ ಮಗನ ಗೆಲುವುಗಳನ್ನು ಮರೆಮಾಚಲಿಲ್ಲ. ಆದರೆ ಅವನ ಗುಣವನ್ನು ಹೇಳುವಾಗ, ಕೊಲ್ಲಬಲ್ಲವನಾಗಿದ್ದೂ ಹಿಂಸೆಯನ್ನು ಬಯಸದವನು ಎಂಬುದನ್ನು ಬಿಡದೆ ಬರೆಸಿದಳು. ತಾಯಂದಿರಾಗಿ, ತಂದೆಯರಾಗಿ ನಾವು ನಮ್ಮ ಮಕ್ಕಳ ಬಗ್ಗೆ ಏನನ್ನು ಬರೆಸಬಯಸುತ್ತೇವೆ ಎಂಬುದನ್ನು ಸೈರನ್ ಕೂಗುವ ಮುನ್ನವೇ ನಿರ್ಧರಿಸಬೇಕಾಗಿದೆ.