ಜನ ಬಯಸಿದ್ದೋ, ಜನರ ಮೇಲೆ ಹೇರಿದ್ದೋ?



‘ಜನ ಬಯಸಿದ್ದನ್ನೇ ನಾವು ತೋರಿಸುತ್ತೇವೆ, ಇದರಲ್ಲಿ ನಮ್ಮ ತಪ್ಪೇನು?’ ಹಾಡಿನ ವಿಡಿಯೋಗಳನ್ನು ಮಾರುವವರು ಸದಾ ಮುಂದಿಡುವ ಸಮಜಾಯಿಷಿಯಿದು. ಆ ವಿಡಿಯೋಗಳು ಇಂದು ತಮ್ಮ ಮನೆಯ ಮಕ್ಕಳ ಅಂಗೈಗೇ ಬರುತ್ತಿರುವುದರಿಂದ, ಈ ಮಾತು ಎಷ್ಟು ಟೊಳ್ಳೆಂಬುದನ್ನು ಈ ವ್ಯಾಪಾರ ಬೆಳೆದ ಅಮೆರಿಕೆಯ ನಿದರ್ಶನದಿಂದಲೇ ತಾವು ಪರಾಂಬರಿಸಬೇಕು.

1981ರ ಆಗಸ್ಟ್ 1ರಂದು ಅಲ್ಲಿ ಎಂಟಿವಿ ಎಂಬ ವಾಹಿನಿ ಆರಂಭವಾಯಿತು. ಹಗಲಿರುಳೂ ಹಾಡು, ಹಾಡಿಗೊಂದು ಚಿತ್ರ. ಆದರೆ ಆರಂಭದ ದಿನಗಳಲ್ಲಿ ಅದರ ತೆರೆಯ ಮೇಲೆ ಕಪ್ಪು ಜನಾಂಗದ ಗಾಯಕರು ಕಂಡದ್ದೇ ಅಪರೂಪ. ಕೇಳಿದವರಿಗೆ ‘ನಮ್ಮದು ರಾಕ್ ಸಂಗೀತದ ವಾಹಿನಿ’ ಎಂಬ ಉತ್ತರ ಸಿದ್ಧವಾಗಿತ್ತು. ಎಂಥ ವಿಪರ್ಯಾಸ! ಆ ರಾಕ್ ಸಂಗೀತಕ್ಕೆ ಜನ್ಮವಿತ್ತವರಲ್ಲಿ ಅಗ್ರಗಣ್ಯರಾದ ಚಕ್ ಬೆರಿ, ಲಿಟಲ್ ರಿಚರ್ಡ್ ಇಬ್ಬರೂ ಕಪ್ಪು ಜನಾಂಗದವರೇ. ಮನೆ ಕಟ್ಟಿದವರ ಮಕ್ಕಳಿಗೆ ಹೊಸ್ತಿಲಲ್ಲೇ ತಡೆ!

1983ರಲ್ಲಿ ಡೇವಿಡ್ ಬೋವಿ ಎಂಬ ಬ್ರಿಟಿಷ್ ಗಾಯಕ, ಸ್ವತಃ ಬಿಳಿಯ, ಅದೇ ವಾಹಿನಿಗೆ ಸಂದರ್ಶನ ಕೊಡುತ್ತಿದ್ದಾಗ ಸಂದರ್ಶಕನನ್ನೇ ತಿರುಗಿ ಪ್ರಶ್ನಿಸಿದ: ಕಪ್ಪು ಗಾಯಕರೇಕೆ ಇಷ್ಟು ವಿರಳ? ಇರುವ ಕೆಲವರೂ ಊರು ಮಲಗಿದ ಮೇಲೆಯೇ ಏಕೆ ಕಾಣುತ್ತಾರೆ? ನ್ಯೂಯಾರ್ಕಿನಂಥ ನಗರದ ಮಾತು ಬೇರೆ, ಸಣ್ಣ ಊರುಗಳ ಪ್ರೇಕ್ಷಕರು ಬೆದರಿಯಾರು ಎಂಬರ್ಥದ ಉತ್ತರ ಬಂತು. ನೋಡಿದಿರಾ, ದೋಷವನ್ನೆಲ್ಲ ಎಲ್ಲೋ ಕುಳಿತ ಪ್ರೇಕ್ಷಕನ ತಲೆಗೆ ಕಟ್ಟಿಯಾಯಿತು! ಆದರೆ ಅದೇ ವರ್ಷ ಮೈಕೆಲ್ ಜಾಕ್ಸನ್ನನ ‘ಬಿಲ್ಲಿ ಜೀನ್’, ‘ಬೀಟ್ ಇಟ್’ ಪ್ರಸಾರವಾದಾಗ ಜನ ಬೆದರಲಿಲ್ಲ, ಮುಗಿಬಿದ್ದು ನೋಡಿದರು. ಆ ಹಾಡುಗಳಿದ್ದ ‘ಥ್ರಿಲ್ಲರ್’ ಧ್ವನಿಮುದ್ರಿಕೆ ಮಾರಾಟದಲ್ಲಿ ಜಗತ್ತಿನ ದಾಖಲೆಗಳನ್ನೇ ಮುರಿಯಿತು. ತೋರಿಸುವವರ ಅಂಜಿಕೆಯೇ ಜನರ ಅಭಿರುಚಿಯ ವೇಷ ತೊಟ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಬಾಗಿಲು ತೆರೆದ ಮಾತ್ರಕ್ಕೆ ಮರ್ಯಾದೆಯೂ ದೊರಕಿತೆಂದು ಭಾವಿಸಬೇಡಿ. ಮುಂದೆ ಕಪ್ಪು ಗಾಯಕರ ರ್‍ಯಾಪ್ ಹಾಡುಗಳು ಕೋಟಿಗಟ್ಟಲೆ ಹಣ ಗಳಿಸಿದುವು. ಅವುಗಳಲ್ಲಿ ಅದೇ ಜನಾಂಗದ ಹೆಣ್ಣುಮಕ್ಕಳು ಅನೇಕ ವೇಳೆ ಹೆಸರಿಲ್ಲದ, ಮಾತಿಲ್ಲದ ಬರಿಯ ಅಂಗಾಂಗಗಳಾಗಿ ಉಳಿದರು. ನೆಲ್ಲಿ ಎಂಬ ಗಾಯಕನ ‘ಟಿಪ್ ಡ್ರಿಲ್’ ವಿಡಿಯೋದಲ್ಲಿ ಹೆಣ್ಣಿನ ಮೈಯನ್ನೇ ಹಣ ಪಾವತಿಯ ಯಂತ್ರವೆಂಬಂತೆ ಬಗೆದು, ಅದರ ಮೇಲೆ ಕ್ರೆಡಿಟ್ ಕಾರ್ಡನ್ನು ಎಳೆಯುವ ದೃಶ್ಯವಿದೆ. (ಬರೆಯಲು ಲೇಖನಿ ಹಿಂಜರಿಯುತ್ತದೆ, ಆದರೆ ನಾಚಿಕೆ ಪಡಬೇಕಾದವರು ಬೇರೆ.)

2004ರಲ್ಲಿ ಈ ಗಾಯಕ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿಗೆ, ಎಂದರೆ ಕಪ್ಪು ಹೆಣ್ಣುಮಕ್ಕಳಿಗಾಗಿಯೇ ಹುಟ್ಟಿದ ವಿದ್ಯಾಸಂಸ್ಥೆಗೆ, ಅಸ್ಥಿಮಜ್ಜೆ ದಾನಿಗಳನ್ನು ನೋಂದಾಯಿಸುವ ಸತ್ಕಾರ್ಯದ ನಿಮಿತ್ತ ಬರಬೇಕಾಗಿತ್ತು. ‘ಜನ ಬಯಸಿದರು’ ಎಂಬ ಲೆಕ್ಕದಲ್ಲಿ ಅಲ್ಲಿಯ ವಿದ್ಯಾರ್ಥಿನಿಯರನ್ನು ಯಾರು ಎಣಿಸಿದ್ದರು? ಅವರು ಸತ್ಕಾರ್ಯವನ್ನು ವಿರೋಧಿಸಲಿಲ್ಲ. ಬರುವುದಾದರೆ ಆ ವಿಡಿಯೋದ ಬಗೆಗೂ ನಮ್ಮೆದುರು ಕುಳಿತು ಉತ್ತರಿಸಲಿ ಎಂದರು. ಅವನು ಬರಲಿಲ್ಲ.