ಹೇಳಬೇಕಾದ ತಾರೀಖು

ತಿಂಗಳ ಮೂರು ದಿನಗಳನ್ನು ಸೂಚಿಸಲು ನಮ್ಮ ಮಂಡ್ಯದ ಸೀಮೆಯ ಹೆಂಗಸರಲ್ಲಿ ಮರೆಮಾತುಗಳಿಗೆ ಬರವಿಲ್ಲ. 'ಹೊರಗಾಗಿದ್ದೇನೆ' ಎನ್ನುವರು, 'ದೂರ ಕೂತಿದ್ದೇನೆ' ಎನ್ನುವರು. ಮಕ್ಕಳು ಕೇಳಿದರೆ 'ಕಾಗೆ ಮುಟ್ಟಿತು' ಎನ್ನುವರು. ಮುಟ್ಟಬಾರದ ಸ್ಥಿತಿಗೇ 'ಮುಟ್ಟು' ಎಂದು ಹೆಸರಿಟ್ಟ ಭಾಷೆ ನಮ್ಮದು! ಕನ್ನಡದ ಅಧ್ಯಾಪಕನಾಗಿ ಈ ಸೊಗಸನ್ನು ನಾನು ಮೆಚ್ಚಬಲ್ಲೆ. ಆದರೆ ವೈದ್ಯರ ಮುಂದೆ ಈ ಮರೆಯೇ ಮುಳುವಾಗುವುದುಂಟು.

ಅಪರೂಪದ ರೋಗವೊಂದಿದೆ. ಮುಟ್ಟು ಆರಂಭವಾಗುವ ಹಿಂದುಮುಂದಿನ ಮೂರು ದಿನಗಳೊಳಗೆ ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಕುಸಿಯುತ್ತದೆ, ಬಹುಮಟ್ಟಿಗೆ ಬಲಗಡೆಯದು. ಎದೆಯಲ್ಲಿಯೂ ಕೆಲವೊಮ್ಮೆ ಹೆಗಲಿನಲ್ಲಿಯೂ ನೋವು, ಏದುಸಿರು. ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶವು ಎದೆ ಹೊಟ್ಟೆಗಳ ನಡುವಣ ವಪೆಯಲ್ಲಿ ನೆಲೆಸಿ, ಅಲ್ಲಿ ಸಣ್ಣ ರಂಧ್ರಗಳಾಗುವುದು ಇದರ ಒಂದು ಕಾರಣವೆನ್ನುತ್ತಾರೆ. 1958ರಲ್ಲಿ ಅಮೆರಿಕದ ವೈದ್ಯರು ಇದನ್ನು ಮೊದಲು ವರ್ಣಿಸಿದರು. 'ಕೆಟಮೀನಿಯಲ್ ನ್ಯೂಮೋಥೊರಾಕ್ಸ್' ಎಂಬ ಹೆಸರು ಬಂದದ್ದು 1972ರಲ್ಲಿ. ಆ ಮೊದಲ ಪದದ ಬೇರು ತಿಂಗಳೆಂಬ ಅರ್ಥದ ಗ್ರೀಕ್ ಶಬ್ದ.

ಮದ್ದೂರಿನಿಂದಲೋ ಮಳವಳ್ಳಿಯಿಂದಲೋ ಬಸ್ಸು ಹತ್ತಿ ಮಂಡ್ಯದ ಆಸ್ಪತ್ರೆಗೆ ಬರುವ ಹೆಣ್ಣುಮಗಳನ್ನು ನೆನೆಯಿರಿ. ವೈದ್ಯರ ಪ್ರಶ್ನೆಗೆ ಗಂಡನೋ ಅತ್ತೆಯೋ ಉತ್ತರ ಕೊಡುತ್ತಾರೆ: ಕಬ್ಬಿನ ಹೊರೆ ಹೊತ್ತಳು, ವಾಯು ಹಿಡಿಯಿತು. ಕ್ಷಕಿರಣದ ಚಿತ್ರದಲ್ಲಿ ಗಾಳಿ ಕಾಣುತ್ತದೆ. ನಳಿಕೆಯಿಟ್ಟು ತೆಗೆದರೆ ಶ್ವಾಸಕೋಶ ಅರಳುತ್ತದೆ. ಆಕೆ ಊರಿಗೆ ಹೋಗುತ್ತಾಳೆ. ಮತ್ತೊಂದು ತಿಂಗಳಲ್ಲಿ ಅದೇ ನೋವು ಮರಳಿದಾಗ ಕ್ಷಯದ ಸಂಶಯ ಮೂಡುವುದೂ ಸಹಜವೆ. ತಾರೀಖುಗಳನ್ನು ಜೋಡಿಸಿ ನೋಡಿದ್ದರೆ ವಪೆಯ ಶಸ್ತ್ರಕ್ರಿಯೆ, ಮುಟ್ಟನ್ನು ತಡೆದಿರಿಸುವ ಔಷಧಿಗಳು ಇವೆ. ವೈದ್ಯರು ಕೇಳಲು ಸಂಕೋಚಪಟ್ಟರೆ, ಆಕೆ ಹೇಳಲು ನಾಚಿದರೆ, ಜೋಡಿಸುವವರು ಯಾರು?

ಗಂಡಸಾದ ನಾನು ಇದನ್ನು ಬರೆಯುವುದು ಸಭ್ಯವೆ ಎಂದು ವಾಚಕರು ಕೇಳಬಹುದು. 12ನೆಯ ಶತಮಾನದ ಶರಣರು ರಜಸ್ಸಿನ ಸೂತಕವನ್ನು ತಳ್ಳಿಹಾಕಿದರೆಂದು ವರ್ಷವರ್ಷವೂ ಪಾಠ ಹೇಳುತ್ತೇನೆ. ಅದೇ ತರಗತಿಯ ಹುಡುಗಿಯರು ರಜೆಯ ಚೀಟಿಯಲ್ಲಿ 'ತಲೆನೋವು' ಎಂದು ಬರೆಯುತ್ತಾರೆ. ನಾನೂ ಸಹಿ ಹಾಕುತ್ತಾ ಬಂದಿದ್ದೇನೆ. ಕಳೆದ ವಾರ ಪಾಠ ನಿಲ್ಲಿಸಿ, ಮನೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕಿರಿ, ಎದೆ ನೋವು ಬಂದ ದಿನಕ್ಕೂ ಹಾಕಿರಿ, ನಿಮ್ಮ ತಾಯಂದಿರಿಗೂ ಹೇಳಿರಿ ಎಂದೆ. ಹಿಂದಿನ ಬೆಂಚಿನ ಹುಡುಗರು ನಕ್ಕರು. ಹುಡುಗಿಯರು ತಲೆಯೆತ್ತಲಿಲ್ಲ, ಒಬ್ಬಳು ಮಾತ್ರ ತರಗತಿ ಮುಗಿದ ಮೇಲೆ ಬಂದು, ಆ ರೋಗದ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು ಬರೆದುಕೊಂಡಳು.